ಸರಿಯಾದದ್ದು ಗೊತ್ತಿದ್ದರೆ ಸಾಕಾ?

ಹಬ್ಬದ ದಿನ ಪಕ್ಕದ ಮನೆಯವರು ಪ್ರಸಾದ ಕೊಟ್ಟರೆ ಕ್ರೈಸ್ತ ವಿಶ್ವಾಸಿಗಳು ತಿನ್ನಬಹುದಾ? ಗಣೇಶನ ಹಬ್ಬ ಬಂತೆಂದರೆ ನಮ್ಮ ಸಭೆಗಳ ವಾಟ್ಸಾಪ್ ಗುಂಪುಗಳಲ್ಲಿ ಈ ಚರ್ಚೆ ಏಳುತ್ತದೆ. ಒಬ್ಬರು ಒಂದು ವಚನ ಹಾಕುತ್ತಾರೆ, ಇನ್ನೊಬ್ಬರು ಅದಕ್ಕೆ ಎದುರಾಗಿ ಮತ್ತೊಂದು ಹಾಕುತ್ತಾರೆ. ರಾತ್ರಿ ಹನ್ನೊಂದಾದರೂ ನಿಲ್ಲುವುದಿಲ್ಲ. ಕೊನೆಗೆ ಯಾರೋ ಬೇಜಾರಾಗಿ ಗುಂಪೇ ಬಿಟ್ಟು ಹೋಗುತ್ತಾರೆ.

ಇದು ಹಳೆಯ ಜಗಳ. ಸುಮಾರು ಕ್ರಿ.ಶ. 55ರ ಹೊತ್ತಿಗೆ ಯೇಸುವಿನ ಸುವಾರ್ತೆ ಸಾರುತ್ತಿದ್ದ ಪೌಲನು ಎಫೆಸ ಪಟ್ಟಣದಿಂದ ಗ್ರೀಸಿನ ಕೊರಿಂಥ ಪಟ್ಟಣದ ಸಭೆಗೆ ಪತ್ರ ಬರೆದಾಗ ಅಲ್ಲೂ ಇದೇ ಗಲಾಟೆ ನಡೆದಿತ್ತು. ಗುಡಿಯಲ್ಲಿ ಅರ್ಪಿಸಿದ ಮಾಂಸ ಅಲ್ಲಿನ ಊಟಕ್ಕೂ ಬಳಕೆಯಾಗುತ್ತಿತ್ತು, ಪೇಟೆಯಲ್ಲೂ ಮಾರಾಟವಾಗುತ್ತಿತ್ತು. ‘ದೇವರು ಒಬ್ಬನೇ, ತಿಂದರೆ ಏನಾಯಿತು?’ ಎನ್ನುವುದು ಸಭೆಯಲ್ಲಿ ತಿಳಿದವರ ವಾದ. ಈ ತಿಳಿವಳಿಕೆ ತಪ್ಪು ಅಂತ ಪೌಲನು ಹೇಳಲಿಲ್ಲ. ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ 8ನೇ ಅಧ್ಯಾಯ ಓದಿ ನೋಡಿ, ಅದನ್ನು ಒಪ್ಪಿಕೊಂಡೇ ಮಾತು ಮುಂದುವರಿಸುತ್ತಾನೆ. ಆದರೆ ಮೊನ್ನೆಮೊನ್ನೆಯವರೆಗೆ ಅದೇ ಗುಡಿಗೆ ನಡೆದುಕೊಂಡಿದ್ದವನೊಬ್ಬ ಇವರನ್ನು ನೋಡಿ, ಮನಸ್ಸಾಕ್ಷಿ ಒಪ್ಪದಿದ್ದರೂ ತಿಂದರೆ? ಕ್ರಿಸ್ತನು ಅವನಿಗಾಗಿಯೂ ಪ್ರಾಣ ಕೊಟ್ಟಿದ್ದಾನೆ ಎಂದು ಪೌಲನು ನೆನಪಿಸುತ್ತಾನೆ. ನನ್ನ ಊಟದಿಂದ ನನ್ನ ಸಹೋದರ ಎಡವುವುದಾದರೆ ನಾನು ಎಂದಿಗೂ ಮಾಂಸ ಮುಟ್ಟುವುದಿಲ್ಲ ಎನ್ನುತ್ತಾನೆ.

ಮೂರು ತಲೆಮಾರಿನಿಂದ ಕ್ರೈಸ್ತರಾಗಿರುವ ಮನೆಯಲ್ಲಿ ಬೆಳೆದವರಿಗೆ ಪಕ್ಕದ ಮನೆಯ ಕಡುಬು ಬರೀ ಕಡುಬು. ಅದನ್ನು ತಂದ ಅಕ್ಕನ ಪ್ರೀತಿ ಮಾತ್ರ ಅವರಿಗೆ ಕಾಣುತ್ತದೆ. ಆದರೆ ಅದೇ ಪೂಜೆಗೆ ಚಿಕ್ಕಂದಿನಿಂದ ಕೂತು ಬೆಳೆದು, ಈಗ ಯೇಸುವಿನ ಬಳಿಗೆ ಬಂದವನಿಗೆ ಆ ತಟ್ಟೆ ಮುಂದೆ ಬಂದಾಗ ಹಳೆಯ ಬದುಕು ಪೂರ್ತಿ ಎದ್ದು ನಿಲ್ಲುತ್ತದೆ. ಅವನಿಗೆ ನಾಲ್ಕು ವಚನ ಎಸೆದು ಬಾಯಿ ಮುಚ್ಚಿಸಿದರೆ ಏನು ಬಂತು? ಪಕ್ಕದಲ್ಲಿ ಕೂತು, ‘ಏನಪ್ಪಾ ನಿನ್ನ ಕಷ್ಟ’ ಅಂತ ಕೇಳಬೇಕು. ತಿನ್ನದವರೂ ಅಷ್ಟೇ. ತಿಂದವರ ಮೇಲೆ ತೀರ್ಪು ಕೊಡುವ ಹಕ್ಕು ಅವರಿಗಿಲ್ಲ. ರೋಮಾಪುರದವರಿಗೆ ಬರೆದ ಪತ್ರದ 14ನೇ ಅಧ್ಯಾಯ ಇದನ್ನು ನೇರವಾಗಿಯೇ ಹೇಳುತ್ತದೆ.

ಹಾಗಾದರೆ ಪ್ರೀತಿ ಇದ್ದರೆ ಸಾಕು, ಓದು ಬೇಡ ಎನ್ನುವವರಿದ್ದಾರೆ. ಇದನ್ನು ನಾನು ಖಂಡಿತ ಒಪ್ಪುವುದಿಲ್ಲ. ದೇವರ ವಾಕ್ಯ ಗೊತ್ತಿಲ್ಲದ ಸಭೆಯನ್ನು ಯಾರು ಬೇಕಾದರೂ ಎಳೆದುಕೊಂಡು ಹೋಗಬಹುದು. ಇಷ್ಟು ಕಾಣಿಕೆ ಹಾಕಿದರೆ ಕಾಯಿಲೆ ವಾಸಿಯಾಗುತ್ತದೆ ಎಂಬ ಮಾತು ನಂಬಿ ಒಡವೆ ಅಡವಿಟ್ಟವರನ್ನು ಕಂಡಿದ್ದೇನೆ. ಸೆರೆಯಲ್ಲಿದ್ದ ಪೌಲನು ಫಿಲಿಪ್ಪಿ ಪಟ್ಟಣದ ಸಭೆಯವರಿಗಾಗಿ ಪ್ರಾರ್ಥಿಸಿದ್ದು ಅವರ ಪ್ರೀತಿ ತಿಳಿವಳಿಕೆಯ ಜೊತೆಗೆ ಬೆಳೆಯಲಿ ಎಂದೇ.

ತಪ್ಪನ್ನು ತಿದ್ದಲೇಬೇಕು. ಹೇಗೆ ಅನ್ನುವುದೇ ಪ್ರಶ್ನೆ. ಒಂದು ಮನೆ ಕೂಟದಲ್ಲಿ ಆಗಷ್ಟೇ ಸಭೆಗೆ ಬರಲು ಶುರುಮಾಡಿದ್ದ ಒಬ್ಬ ತಾಯಿ ದೇವರು ತಮಗೆ ಮಾಡಿದ್ದನ್ನು ಸಾಕ್ಷಿ ಹೇಳುತ್ತಿದ್ದರು. ಮಗನ ಜ್ವರ ಬಿಟ್ಟದ್ದನ್ನು ಹೇಳುವಾಗ ಮೋಶೆಯ ಕಥೆಯನ್ನೂ ಎಲೀಯನ ಕಥೆಯನ್ನೂ ಕಲಸಿಬಿಟ್ಟರು. ಬೈಬಲ್ ಚೆನ್ನಾಗಿ ಓದಿಕೊಂಡ ಹುಡುಗನೊಬ್ಬ ತಕ್ಷಣ ಕೈ ಎತ್ತಿ, ‘ಆಂಟಿ, ಅದು ಮೋಶೆ ಅಲ್ಲ’ ಎಂದು ಅಧ್ಯಾಯ ಸಮೇತ ತಿದ್ದಿದ. ಅವನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆಕೆ ಸೆರಗು ಸರಿಮಾಡಿಕೊಂಡು, ‘ನಂಗೆ ಅಷ್ಟೆಲ್ಲಾ ಗೊತ್ತಿಲ್ಲ’ ಅಂತ ಕೂತುಬಿಟ್ಟರು. ಅವರ ಮಗನ ಸಂಗತಿ ಅರ್ಧಕ್ಕೇ ನಿಂತಿತು.

ಬೈಬಲಿನ ಅಪೊಸ್ತಲರ ಕೃತ್ಯಗಳು ಎಂಬ ಪುಸ್ತಕದ 18ನೇ ಅಧ್ಯಾಯದಲ್ಲಿ ಅಪೊಲ್ಲೋಸನ ಪ್ರಸಂಗ ಇದೆ. ಅಲೆಕ್ಸಾಂದ್ರಿಯದವನು, ಶಾಸ್ತ್ರ ಬಲ್ಲವನು, ದೊಡ್ಡ ಮಾತುಗಾರ. ಎಫೆಸದ ಯೆಹೂದ್ಯರ ಸಭಾಮಂದಿರದಲ್ಲಿ ಧೈರ್ಯವಾಗಿ ಬೋಧಿಸುತ್ತಿದ್ದ. ಆದರೆ ಅವನಿಗೆ ಯೇಸುವಿಗಿಂತ ಮುಂಚೆ ಬಂದ ಯೋಹಾನನು ಪಶ್ಚಾತ್ತಾಪಕ್ಕೆಂದು ಮಾಡಿಸುತ್ತಿದ್ದ ದೀಕ್ಷಾಸ್ನಾನ ಮಾತ್ರ ಗೊತ್ತಿತ್ತು. ಪ್ರಿಸ್ಕಿಲ್ಲ, ಅಕ್ವಿಲ ಅದನ್ನು ಕೇಳಿಸಿಕೊಂಡರು. ಗುಡಾರ ಮಾಡುವ ಕಸುಬಿನಿಂದ ಬದುಕುತ್ತಿದ್ದ ದಂಪತಿ ಇವರು. ಚಕ್ರವರ್ತಿ ಕ್ಲೌದ್ಯ ಯೆಹೂದ್ಯರನ್ನು ರೋಮಿನಿಂದ ಹೊರಗೆ ಹಾಕಿದಾಗ ಕೊರಿಂಥಕ್ಕೆ ಬಂದು, ಪೌಲನ ಜೊತೆ ಅದೇ ಕೆಲಸ ಮಾಡಿದವರು. ಜನರ ಮುಂದೆ ಅವನ ಮಾತು ತಡೆಯಲಿಲ್ಲ. ತಮ್ಮ ಬಳಿಗೆ ಕರೆದುಕೊಂಡು, ದೇವರ ಮಾರ್ಗವನ್ನು ಇನ್ನೂ ಸರಿಯಾಗಿ ಬಿಡಿಸಿ ಹೇಳಿದರು.

ನನಗೆ ಅಪೊಲ್ಲೋಸನ ಮೇಲೂ ಅಷ್ಟೇ ಗೌರವ. ಅಷ್ಟು ಓದಿದವನು ಕೈಕೆಲಸದವರಿಂದ, ಅದರಲ್ಲೂ ಒಬ್ಬ ಹೆಣ್ಣುಮಗಳಿಂದ, ಹೇಳಿಸಿಕೊಂಡ. ನಮ್ಮಲ್ಲಿ ಬೈಬಲ್ ಕಾಲೇಜು ಮುಗಿಸಿ ಬಂದ ಎಷ್ಟು ಜನ ಸಭೆಯ ಟೈಲರ್ ದಂಪತಿಯ ಮುಂದೆ ಹಾಗೆ ಕೂರುತ್ತಾರೆ? ಆಮೇಲೆ ಅವನು ಕೊರಿಂಥ ಇದ್ದ ಅಖಾಯ ಪ್ರಾಂತ್ಯಕ್ಕೆ ಹೊರಟಾಗ ಎಫೆಸದ ಸಹೋದರರು, ಇವನನ್ನು ಸೇರಿಸಿಕೊಳ್ಳಿ ಅಂತ ಅಲ್ಲಿನವರಿಗೆ ಪತ್ರ ಬರೆದು ಕಳಿಸಿದರು. ಕೊರಿಂಥದ ಸಭೆಗೆ ಅವನಿಂದ ಎಷ್ಟು ಸಹಾಯವಾಯಿತೆಂದರೆ, ತಾನು ನೆಟ್ಟ ಸಸಿಗೆ ನೀರು ಹೊಯ್ದವನು ಅಪೊಲ್ಲೋಸ್ ಎಂದು ಪೌಲನೇ ಬರೆದಿದ್ದಾನೆ.