ಇಲಿಗಾದರೆ ಪ್ರಯೋಗ, ನಮಗಾದರೆ ಬಾಡಿಗೆ

ಹೋದ ತಿಂಗಳು ಒಂದು ಶನಿವಾರ ನಮ್ಮ ಆಫೀಸಿನಲ್ಲಿ ‘ಒತ್ತಡ ನಿರ್ವಹಣೆ’ ಶಿಬಿರ ಇಟ್ಟಿದ್ದರು. ರಜೆ ದಿನ, ಬೆಳಿಗ್ಗೆ ಎಂಟಕ್ಕೆ, ಹಾಜರಿ ಕಡ್ಡಾಯ. ಆಫೀಸಿನ ಹೆಸರು ಕೇಳಬೇಡಿ, ಸಂಬಳ ಇನ್ನೂ ಅಲ್ಲಿಂದಲೇ ಬರಬೇಕು. ಐದಕ್ಕೆ ಎದ್ದು, ತಿಂಡಿ ಬಿಟ್ಟು, ಸಿಲ್ಕ್ ಬೋರ್ಡ್ ದಾಟಿ, ಏದುಸಿರು ಬಿಡುತ್ತಾ ಹೋಗಿ ಕೂತರೆ, ನಮಗೆ ಉಸಿರಾಡುವುದನ್ನು ಕಲಿಸಬೇಕಾದ ಮೇಷ್ಟ್ರೇ ಬಂದಿರಲಿಲ್ಲ. ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದ್ದರು. ಒಂಬತ್ತೂಕಾಲಿಗೆ ಬಂದರು, ಬೆವರು ಒರೆಸಿಕೊಂಡರು, ‘ಈಗ ಎಲ್ಲರೂ ಕಣ್ಣು ಮುಚ್ಚಿ’ ಅಂದರು. ಮುಚ್ಚಿದೆವು. ಅರ್ಧ ಜನ ಮತ್ತೆ ತೆರೆಯಲೇ ಇಲ್ಲ, ಗೊರಕೆ ಶುರು.

ಎಚ್ಚರ ಇದ್ದವರಿಗೆ ಮೇಷ್ಟ್ರು ಒಂದು ಇಲಿಯ ಕಥೆ ಹೇಳಿದರು. ಕಥೆ ನಿಜ. 2020ರಲ್ಲಿ ಹಾರ್ವರ್ಡ್‌ನ ವಿಜ್ಞಾನಿಗಳು ಕಪ್ಪು ಇಲಿಗಳಿಗೆ ಕಾಟ ಕೊಟ್ಟು ನೋಡಿದ್ದರು, ಕೂದಲು ಬೆಳ್ಳಗಾಯಿತು. ಕೂದಲ ಬುಡದಲ್ಲಿ ಬಣ್ಣಕ್ಕಾಗಿ ಕಾದಿಟ್ಟ ಮೂಲಕೋಶಗಳಿರುತ್ತವೆ. ಗಾಬರಿಯಾದಾಗ ಅಲ್ಲಿನ ನರಗಳು ನಾರ್‌ಅಡ್ರಿನಲಿನ್ ಅನ್ನುವ ರಾಸಾಯನಿಕ ಸುರಿಯುತ್ತವೆ, ಆ ಕೋಶಗಳೆಲ್ಲ ಒಟ್ಟಿಗೇ ಕೆಲಸಕ್ಕೆ ಇಳಿದು ಖರ್ಚಾಗಿ ಹೋಗುತ್ತವೆ. ಬಿತ್ತನೆ ಬೀಜವನ್ನೇ ಹುರಿದು ತಿಂದ ಹಾಗೆ. ಮುಂದಿನ ವರ್ಷಕ್ಕೆ ಏನೂ ಇಲ್ಲ.

ನನ್ನ ನಿದ್ದೆ ಹಾರಿಸಿದ್ದು ಅದಲ್ಲ. ಇಲಿಗೆ ಕೊಟ್ಟ ಕಾಟದ ಪಟ್ಟಿ.

ಪಂಜರ ಓರೆ ಮಾಡಿ ಇಡುವುದು. ನಮ್ಮ ಬಡಾವಣೆಯ ಗುಂಡಿಗಳಲ್ಲಿ ಆಟೋ ಹೇಗೆ ಹೋಗುತ್ತೆ ನೋಡಿದ್ದೀರಲ್ವಾ? ಹಾಸಿಗೆ ಒದ್ದೆ ಮಾಡುವುದು. ಇದನ್ನು ಮಳೆಗಾಲದಲ್ಲಿ ರಾಜಕಾಲುವೆ ಪಕ್ಕದ ಮನೆಯವರನ್ನು ಕೇಳಿ, ಮಂಚದ ಮೇಲೆ ನಿಂತುಕೊಂಡೇ ಉತ್ತರ ಕೊಡುತ್ತಾರೆ. ದೀಪ ಹಾಕುವುದು, ಆರಿಸುವುದು, ಮತ್ತೆ ಹಾಕುವುದು. ಇದನ್ನು ನಾವು ಕರೆಂಟು ಅಂತೀವಿ. ಕೆಲವು ದಿನ ರಾತ್ರಿಯಿಡೀ ದೀಪ ಉರಿಸುವುದು, ಅಂದರೆ ಅಮೆರಿಕದ ಕ್ಲೈಂಟ್ ಜೊತೆ ಕಾಲ್. ಅಲ್ಲಾಡದ ಹಾಗೆ ಹಿಡಿದಿಡುವುದು. ಊರೂರಿನ ಟ್ರಾಫಿಕ್ ಅಳೆಯುವ ಟಾಮ್‌ಟಾಮ್ ಕಂಪನಿಯ ಲೆಕ್ಕದಲ್ಲಿ 2024ರಲ್ಲಿ ಬೆಂಗಳೂರಿನಲ್ಲಿ 10 ಕಿಲೋಮೀಟರ್ ಹೋಗಲು ಸರಾಸರಿ 34 ನಿಮಿಷ 10 ಸೆಕೆಂಡು ಬೇಕಿತ್ತು. ಆ 10 ಸೆಕೆಂಡು ಯಾಕೆ ಸೇರಿಸಿದರೋ, ಬಹುಶಃ ಹಾರನ್ ಹೊಡೆಯಲಿಕ್ಕೆ. ಕೊನೆಗೆ, ಇದ್ದಕ್ಕಿದ್ದ ಹಾಗೆ ಪಂಜರ ಬದಲಾಯಿಸುವುದು. ಹನ್ನೊಂದು ತಿಂಗಳ ಅಗ್ರಿಮೆಂಟು ಮುಗಿಯಿತು, ಓನರ್ ಮಗ ಫಾರಿನ್ನಿಂದ ಬರ್ತಿದ್ದಾನೆ, ಖಾಲಿ ಮಾಡಿ.

ಒಂದೇ ಒಂದು ವ್ಯತ್ಯಾಸ. ಆ ಇಲಿ ಪಂಜರಕ್ಕೆ ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟಿರಲಿಲ್ಲ. ಬಿಡುವಾಗ ಪೇಂಟಿಂಗ್ ಅಂತ ಹೇಳಿ ಒಂದು ತಿಂಗಳ ಬಾಡಿಗೆಯನ್ನು ಯಾರೂ ಅದರಿಂದ ಮುರಿದುಕೊಂಡಿರಲಿಲ್ಲ.

ಇನ್ನೊಂದು ಹೇಳಲೇಬೇಕು. ಇಲಿಗೆ ಕಾಟ ಕೊಡಬೇಕಾದರೂ ಮೊದಲು ಒಂದು ಸಮಿತಿ ಕೂತು ಒಪ್ಪಬೇಕು, ಇಷ್ಟೇ ದಿನ, ಇದಕ್ಕಿಂತ ಜಾಸ್ತಿ ಬೇಡ ಅಂತ. ನಮ್ಮ ಕಡೆ? 2023ರಲ್ಲಿ ನಾರಾಯಣ ಮೂರ್ತಿಯವರು ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಅಂದರು. ಮರುವರ್ಷ ಜುಲೈನಲ್ಲಿ ಐಟಿಯವರ ಕೆಲಸವನ್ನು ದಿನಕ್ಕೆ 14 ಗಂಟೆಗೆ ಏರಿಸುವ ಪ್ರಸ್ತಾವ ನಮ್ಮ ರಾಜ್ಯ ಸರ್ಕಾರದ ಮುಂದೆ ಬಂತು, ನೌಕರರ ಸಂಘ ಬೀದಿಗಿಳಿಯಬೇಕಾಯಿತು. ಆ 14ಕ್ಕೆ ರಸ್ತೆಯ ಎರಡು ಮೂರು ಗಂಟೆ ಸೇರಿಸಿ, ಸ್ನಾನ ಊಟ ಕಳೆಯಿರಿ. ಉಳಿದ ನಿದ್ದೆಗೆ ಇಲಿಗಳ ಸಮಿತಿ ಖಂಡಿತ ಸಹಿ ಹಾಕುವುದಿಲ್ಲ.

ಮೇಷ್ಟ್ರು ಕೊನೆಗೆ ಒಂದು ಸಿಹಿ ಸುದ್ದಿಯನ್ನೂ ಕೊಟ್ಟರು. 2021ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದವರು ಮನುಷ್ಯರ ಕೂದಲನ್ನೇ ಎಳೆ ಎಳೆಯಾಗಿ ನೋಡಿದಾಗ, ಒಬ್ಬರ ತಲೆಯಲ್ಲಿ ಬೆಳ್ಳಗಾಗಿದ್ದ ಐದು ಕೂದಲು ಮತ್ತೆ ಬಣ್ಣಕ್ಕೆ ತಿರುಗಿದ್ದವು. ಯಾವಾಗ ಅಂತ ಲೆಕ್ಕ ಹಾಕಿದರೆ, ಆ ಮನುಷ್ಯ ಎರಡು ವಾರ ರಜೆ ಹಾಕಿದ್ದಾಗ. ಎಣ್ಣೆ ಇಲ್ಲ, ಡೈ ಇಲ್ಲ, ಮದರಂಗಿ ಇಲ್ಲ. ಬರೀ ರಜೆ.

ಸೋಮವಾರವೇ ಮ್ಯಾನೇಜರ್ ಹತ್ತಿರ ಹೋದೆ.

‘ಸಾರ್, ಎರಡು ವಾರ ರಜೆ ಬೇಕಿತ್ತು.’

‘ಎರಡು ವಾರಾನಾ? ಏನ್ರೀ, ಮನೇಲಿ ಮದ್ವೆನಾ?’

‘ಅಲ್ಲ ಸಾರ್, ಕೂದಲಿಗೆ.’

ಅವರು ನನ್ನ ತಲೆ ನೋಡಿದರು. ನಾನು ಅವರ ತಲೆ ನೋಡಿದೆ. ನೋಡಬಾರದಿತ್ತು, ಡೈ ಬುಡ ಬಿಟ್ಟಿತ್ತು. ‘ಶುಕ್ರವಾರ ಒಂದಿನ ತಗೊಳ್ಳಿ, ಫೋನ್ ಮಾತ್ರ ಆನ್ ಇರಲಿ’ ಅಂದರು. ಹದಿನಾಲ್ಕು ದಿನಕ್ಕೆ ಐದು ಕೂದಲು ಅಂದರೆ ಒಂದು ದಿನಕ್ಕೆ ಅರ್ಧ ಕೂದಲೂ ಬರಲ್ಲ, ಅದರಲ್ಲೂ ಫೋನ್ ಆನ್ ಇದ್ದರೆ ಕಡಿತ.

ಆ ಶುಕ್ರವಾರ ಊರಿಗೆ ಅಂತ ಹಾಸನದ ಕೆಎಸ್‌ಆರ್‌ಟಿಸಿ ಬಸ್ ಹತ್ತಿದೆ. 60 ತುಂಬಿದವರಿಗೆ ಟಿಕೆಟ್‌ನಲ್ಲಿ 25 ಪರ್ಸೆಂಟ್ ರಿಯಾಯಿತಿ ಇದೆಯಲ್ಲ, ಸುಮ್ನೆ ಕೇಳಿ ನೋಡೋಣ ಅನ್ನಿಸಿತು.

‘ಸೀನಿಯರ್ ಸಿಟಿಜನ್ ಒಂದು ಕೊಡಿ.’

‘ಆಧಾರ್ ತೋರ್ಸಿ ಯಜಮಾನ್ರೇ.’

‘ಆಧಾರಲ್ಲಿ 43 ಅಂತಿದೆ. ತಲೆ ನೋಡಿ ಕೊಡಿ.’

ಕಂಡಕ್ಟರ್ ಒಮ್ಮೆ ತನ್ನ ತಲೆ ಮೇಲೆ ಕೈ ಆಡಿಸಿಕೊಂಡ. ‘ತಲೆ ನೋಡಿ ಕೊಡೋ ಹಾಗಿದ್ರೆ ನಂಗೆ ಇಷ್ಟೊತ್ತಿಗೆ ಪಿಂಚಣಿ ಬರ್ತಿತ್ತು ಸಾರ್. ನಂಗಿನ್ನೂ ಮೂವತ್ತಾರು. ಚಿಲ್ಲರೆ ಇದ್ರೆ ಕೊಡಿ.’