ನಮ್ಮ ಹುಡುಗನಿಗೆ ಎಂ.ಟಿ.ಐ. ಜಾಸ್ತಿಯಂತೆ

ಬೆಳಗಾಗೆದ್ದು ಇನ್ನೂ ಹಲ್ಲುಜ್ಜಿರಲಿಲ್ಲ, ಅಕ್ಕನ ಫೋನು. "ತಮ್ಮಾ, ಹುಡುಗಗೆ ಎಂ.ಟಿ.ಐ. ಜಾಸ್ತಿ ಐತಂತೆ. ಬೆಂಗಳೂರವರು ಹೇಳ್ಯಾರೆ. ವಿಮ್ಸ್ ಆಸ್ಪತ್ರೆಗೆ ಕರಕೊಂಡು ಹೋಗ್ಲೇನೋ?"

ಬಿದ್ದಂಬೀಳ ನಮ್ಮ ಬಳ್ಳಾರಿಯ ಸತ್ಯನಾರಾಯಣಪೇಟೆಗೆ, ಅಕ್ಕನ ಮನೆಗೆ ಓಡಿದೆ. ರೋಗಿ ಕಟ್ಟೆ ಮೇಲೆ ಕೂತು ವಗ್ಗರಣಿಗೆ ಮಿರ್ಚಿ ನಂಚಿಕೊಳ್ಳುತ್ತಿದ್ದ. ಮೊಬೈಲಿನಲ್ಲಿ ರಿಪೋರ್ಟು ತೋರಿಸಿದ. ಲೆಕ್ಕದ ಜ್ಞಾನ: ಉತ್ತಮ. ಗ್ರಾಮರ್: ಉತ್ತಮ. ಎಂ.ಟಿ.ಐ.: ಹೈ. ರಿಜೆಕ್ಟೆಡ್.

ಎಂ.ಟಿ.ಐ. ಅಂದರೆ ಮದರ್ ಟಂಗ್ ಇನ್‌ಫ್ಲುಯೆನ್ಸ್. ಇಂಗ್ಲಿಷ್ ಮಾತಾಡುವಾಗ ತಾಯಿನುಡಿಯ ವಾಸನೆ ಹೊಡೆಯುವುದು. ಇನ್‌ಫ್ಲುಯೆಂಜಾಕ್ಕೂ ಇದಕ್ಕೂ ಹೆಚ್ಚು ದೂರವಿಲ್ಲ, ಅಕ್ಕ ಹೆದರಿದ್ದರಲ್ಲಿ ತಪ್ಪಿಲ್ಲ. ಬಿಡಿಸಿ ಹೇಳಿದ ಮೇಲೆ ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: "ಅಂದ್ರೆ ಇದು ನನ್ನಿಂದ ಬಂದಿದ್ದಾ?"

"ಹೂನಕ್ಕ, ತಾಯಿ ಕಡೆಯಿಂದಾನೇ ಬರೋದು."

ನಡೆದದ್ದಿಷ್ಟು. ಹುಡುಗ ಎರಡು ವರ್ಷ ಇಲ್ಲೇ ಒಂದು ಜೀನ್ಸ್ ಯೂನಿಟ್ಟಿನಲ್ಲಿ ಲೆಕ್ಕ ಬರೆದವನು. ಬೆಂಗಳೂರಿನ ಒಂದು ಕಂಪನಿಯ ಕೆಲಸಕ್ಕೆ ಫೋನಿನಲ್ಲೇ ಇಂಟರ್‌ವ್ಯೂ. ಇವನು "ಇನ್‌ವಾಯ್ಸ್" ಅಂದಾಗಲೆಲ್ಲ ಆ ಕಡೆಯ ಮೇಡಂ "ಪಾರ್ಡನ್?" ಅಂದರಂತೆ. ಮೂರು ಸಲ. ನಾಲ್ಕನೇ ಸಲ ಕೇಳುವ ಮೊದಲು ಫೋನಿಗೆ ಕೈ ಅಡ್ಡ ಹಿಡಿದು, "ಏ, ಆ ಫ್ಯಾನ್ ಹಚ್ಚೇ ನಮ್ಮವ್ವ, ಕುದಿಯಾಕ್ಹತ್ತೈತಿ" ಎಂದು ಪಕ್ಕದವಳಿಗೆ ಹೇಳಿದ್ದು ಇವನಿಗೆ ಸ್ಪಷ್ಟವಾಗಿ ಕೇಳಿಸಿತು. ಧಾರವಾಡದ ಕಡೆಯವರಿರಬೇಕು. ಪಾಪ, ಅವರೂ ಎಂ.ಟಿ.ಐ. ಇಳಿಸಿಕೊಂಡು ಬಂದವರೇ.

ಔಷಧ ನಮ್ಮೂರಲ್ಲೇ ಸಿಗುತ್ತದೆ. ಹೋಗಿ ನೋಡಿದರೆ ಬಾಗಿಲ ಮೇಲೆ ಬೋರ್ಡು: ಆಕ್ಸೆಂಟ್ ನ್ಯೂಟ್ರಲೈಸೇಶನ್. ಅಂದರೆ ಉಚ್ಚಾರದಿಂದ ಊರಿನ ವಾಸನೆ ತೆಗೆಯುವ ತರಬೇತಿ. ಗಾಡಿಯನ್ನು ನ್ಯೂಟ್ರಲ್‌ಗೆ ಹಾಕಿದರೆ ಅದು ತಾನಾಗಿ ಹೋಗುವುದಿಲ್ಲ, ಯಾರಾದರೂ ತಳ್ಳಬೇಕು. ತಳ್ಳುವ ಫೀಸು ಆರು ಸಾವಿರ. ಮೊದಲ ವಾರ ಪೂರ್ತಿ ಟಕಾರ. ನಾವು ಟ ಅನ್ನುವಾಗ ನಾಲಿಗೆ ಹಿಂದಕ್ಕೆ ಮಡಚಿ ಅಂಗುಳಕ್ಕೆ ಹೊಡೆಯುತ್ತದೆ. ಇಂಗ್ಲಿಷರದು ಹಲ್ಲಿನ ಹಿಂದಿನ ಒಸಡಿಗೇ ನಿಂತುಬಿಡುತ್ತದೆ. ನಡುವೆ ಇರುವುದು ಹೆಚ್ಚೆಂದರೆ ಅರ್ಧ ಇಂಚು. ಅರ್ಧ ಇಂಚಿಗೆ ಆರು ಸಾವಿರ! ಗಾಂಧಿನಗರದ ಸೈಟಿಗೂ ಈ ರೇಟಿಲ್ಲ. ಎರಡನೇ ವಾರ ಝಡ್. ಕೌಲ್ ಬಜಾರಿನ ಹುಡುಗರಿಗೆ ಉರ್ದುವಿನ ಪುಣ್ಯದಿಂದ ಅದು ತೊಟ್ಟಿಲಲ್ಲೇ ಬಂದಿತ್ತು. ಅವರಿಗೇನೂ ಫೀಸಿನಲ್ಲಿ ರಿಯಾಯಿತಿ ಕೊಡಲಿಲ್ಲ.

ನಾನು ಹಿಂದಿನ ಬೆಂಚಿನಲ್ಲಿ ಕೂತು ಬೇರೆ ಲೆಕ್ಕ ಹಾಕುತ್ತಿದ್ದೆ. 1800ರಲ್ಲಿ ನಿಜಾಮ ಈ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟ. ಅಲ್ಲಿಂದ 1947ರವರೆಗೆ ನೂರಾ ನಲವತ್ತೇಳು ವರ್ಷ ಆಳಿದವರ ಬಾಯಲ್ಲಿ ಒಂದು ಳಕಾರ ಹೊರಳಲಿಲ್ಲ. ಬಳ್ಳಾರಿ 'ಬೆಲ್ಲರಿ' ಆಯಿತು, ಹೊಸಪೇಟೆ 'ಹಾಸ್ಪೆಟ್' ಆಯಿತು, ಕನ್ನಡವೇ 'ಕೆನರೀಸ್' ಆಯಿತು. ಯಾರಾದರೂ ಕಲೆಕ್ಟರ್ ಸಾಹೇಬರಿಗೆ "ಗ್ರಾಮರ್ ಉತ್ತಮ, ಎಂ.ಟಿ.ಐ. ಹೈ" ಎಂದು ಬರೆದು ವಾಪಸ್ ಹಡಗು ಹತ್ತಿಸಿದರೇ? ಇಲ್ಲ. ಅವರ ನಾಲಿಗೆ ತಿದ್ದುವ ಬದಲು ನಮ್ಮ ಬೋರ್ಡುಗಳನ್ನೇ ತಿದ್ದಿಕೊಂಡೆವು. ಊರಿನ ಹೆಸರು ಇಂಗ್ಲಿಷಿನಲ್ಲೂ ಬಳ್ಳಾರಿಯಾಗಲು 2014ರ ರಾಜ್ಯೋತ್ಸವ ಬರಬೇಕಾಯಿತು.

ಆ ಕಲೆಕ್ಟರುಗಳಲ್ಲಿ ಮೊದಲಿಗ ಥಾಮಸ್ ಮನ್ರೋ, ಗ್ಲಾಸ್ಗೋದಲ್ಲಿ ಹುಟ್ಟಿದ ಸ್ಕಾಟಿಷ್ ಮನುಷ್ಯ. ಮಂತ್ರಾಲಯದಲ್ಲಿ ಬೃಂದಾವನದ ಮುಂದೆ ನಿಂತಾಗ ರಾಯರು ಇವನೊಬ್ಬನಿಗೇ ಕಾಣಿಸಿ ಮಾತಾಡಿದರು ಎಂಬ ಐತಿಹ್ಯ ಈ ಭಾಗದಲ್ಲಿ ಎಲ್ಲರಿಗೂ ಗೊತ್ತು. ಯಾವ ಭಾಷೆಯಲ್ಲಿ, ಯಾವ ಉಚ್ಚಾರದಲ್ಲಿ ಎಂದು ನಾನು ಚಿಕ್ಕಂದಿನಿಂದ ಯೋಚಿಸಿದ್ದೇನೆ. ಮನ್ರೋ "ಪಾರ್ಡನ್?" ಅಂದ ಎಂದು ಮಾತ್ರ ಕಥೆ ಹೇಳುವವರು ಯಾರೂ ಹೇಳಿಲ್ಲ. ಕೇಳುವ ಮನಸ್ಸಿತ್ತು, ಕೇಳಿಸಿತು.

ಇನ್ನೊಬ್ಬ ಮನ್ರೋ ಇದ್ದಾರೆ, ಕೆನಡಾದ ಭಾಷಾವಿಜ್ಞಾನಿ, ಮರ್ರೆ ಮನ್ರೋ. ನಮ್ಮವನು ಹೊಲ ಅಳೆಸಿದ, ಇವರು ಉಚ್ಚಾರ ಅಳೆದರು. ಟ್ರೇಸಿ ಡರ್ವಿಂಗ್ ಜೊತೆ ಸೇರಿ 1995ರಲ್ಲಿ ಇವರು ಪ್ರಕಟಿಸಿದ ಅಧ್ಯಯನದಲ್ಲಿ, ಕೇಳಿದವರು ಪ್ರತಿ ಪದವನ್ನೂ ಸರಿಯಾಗಿ ಬರೆದುಕೊಟ್ಟ ಮಾತಿಗೂ "ಉಚ್ಚಾರ ಬಹಳ ದಪ್ಪ" ಎಂಬ ಮಾರ್ಕು ಬಿದ್ದದ್ದುಂಟು. ಅರ್ಥವೂ ಆಗಿದೆ, ಆಕ್ಷೇಪಣೆಯೂ ಇದೆ. ಬೀಗರ ಊಟದ ಹಾಗೆ: ಎಲೆ ಖಾಲಿ, ಸಾರಿಗೆ ಉಪ್ಪು ಸಾಲದು.

ಇದಕ್ಕಿಂತ ಕಿಲಾಡಿತನ ಅಮೆರಿಕದ ಡೊನಾಲ್ಡ್ ರೂಬಿನ್ ಅವರದು. ಅವರ ಪ್ರಯೋಗ ಪ್ರಕಟವಾದದ್ದು 1992ರಲ್ಲಿ. ಕಾಲೇಜು ವಿದ್ಯಾರ್ಥಿಗಳಿಗೆ ಟೇಪಿನಲ್ಲಿ ಒಂದು ಪುಟ್ಟ ಪಾಠ ಕೇಳಿಸಿದರು. ದನಿ ಅಮೆರಿಕದಲ್ಲೇ ಬೆಳೆದ ಹೆಂಗಸಿನದು. ಕೆಲವರ ಮುಂದೆ ಬಿಳಿಯ ಹೆಂಗಸಿನ ಫೋಟೋ ಇಟ್ಟರು, ಕೆಲವರ ಮುಂದೆ ಏಷ್ಯಾದವಳದು. ಏಷ್ಯಾದ ಮುಖ ನೋಡಿದವರಿಗೆ ಅದೇ ಟೇಪಿನಲ್ಲಿ ಪರದೇಶದ ಉಚ್ಚಾರ ಕೇಳಿಸಿತು! ಪಾಠವೂ ಕಡಿಮೆ ತಲೆಗೆ ಹತ್ತಿತು. ನಮ್ಮ ಹುಡುಗನದು ಫೋನ್ ಇಂಟರ್‌ವ್ಯೂ, ಮುಖ ಕಾಣುವ ಪ್ರಶ್ನೆಯಿಲ್ಲ. ಆದರೆ ಅರ್ಜಿಯಲ್ಲಿ ಸ್ವಂತ ಊರು ಎಂಬ ಕಾಲಂ ಇತ್ತಲ್ಲ? 'ಬಳ್ಳಾರಿ' ಎಂದು ಓದಿದ ಕೂಡಲೇ ಮೇಡಂ ಕಿವಿಯಲ್ಲಿ ಮೈನ್ಸಿನ ಕೆಂಪು ಧೂಳು ಕೂತಿರಬೇಕು.

2010ರಲ್ಲಿ ಷಿಕಾಗೋ ವಿಶ್ವವಿದ್ಯಾಲಯದವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಜಿರಾಫೆ ಒಂಟೆಗಿಂತ ಹೆಚ್ಚು ಕಾಲ ನೀರಿಲ್ಲದೆ ಇರಬಲ್ಲದು ಎಂಬಂಥ ವಾಕ್ಯಗಳನ್ನು ಬೇರೆ ಬೇರೆ ಉಚ್ಚಾರದವರಿಂದ ಓದಿಸಿದರು. ಪರದೇಶದ ಉಚ್ಚಾರ ಇದ್ದವರು ಓದಿದರೆ ಕೇಳುಗರಿಗೆ ಅಷ್ಟು ನಂಬಿಕೆ ಬರಲಿಲ್ಲ. (ನಳದ ನೀರಿಗೆ ದಿನಗಟ್ಟಲೆ ಕಾಯುವ ನಮ್ಮೂರವರನ್ನು ಕೇಳಿದ್ದರೆ, ಜಿರಾಫೆ ಒಂಟೆ ಎರಡನ್ನೂ ಸೋಲಿಸುವ ಪ್ರಾಣಿಯನ್ನು ತೋರಿಸುತ್ತಿದ್ದರು.)

ಹಾಗಂತ ಬರೀ ಪರದೇಶದವರನ್ನು ಬೈಯಲಾರೆ. ಹೋದ ಚಳಿಗಾಲ ಸಣಾಪುರದಲ್ಲಿ, ಬಂಡೆ ಹತ್ತಲು ಬಂದ ಬಿಳಿ ಹುಡುಗನೊಬ್ಬ ಚಹಾದಂಗಡಿಯಲ್ಲಿ "ಎರ್ಡು ಚಾಯ್ ಕೋಡಿ" ಅಂದ. ಅಂಗಡಿಯವನು ಕೈ ಮುಗಿಯುವುದೊಂದು ಬಾಕಿ. "ನೋಡ್ರೀ, ಎಷ್ಟು ಚೆಂದ ಕನ್ನಡ ಮಾತಾಡ್ತಾನೆ!" ಎಂದು ದುಡ್ಡೂ ತಗೊಳ್ಳಲಿಲ್ಲ. ಹಿಂದೆಯೇ ಬಂದ ಒಡಿಶಾದ ಕೂಲಿ ಹುಡುಗನೂ "ಎರ್ಡು ಚಾಯ್ ಕೋಡಿ" ಅಂದ. "ಬಂದು ಎಷ್ಟು ವರ್ಷ ಆತಲೇ? ಇನ್ನೂ ಕನ್ನಡ ಬರವಲ್ದಾ?" ಎಂದು ಅದೇ ಅಂಗಡಿಯವನು ಗದರಿದ. ನಾನೂ ನಕ್ಕೆ, ಸುಳ್ಳು ಯಾಕೆ ಹೇಳಲಿ.

ಕೋರ್ಸು ಮುಗಿಯಿತು. ಜೀನ್ಸಿಗೆ ಸ್ಟೋನ್ ವಾಶ್ ಕೊಟ್ಟ ಹಾಗೆ ಹುಡುಗನ ನಾಲಿಗೆಯಿಂದ ಬಣ್ಣವೆಲ್ಲ ಇಳಿದು, ಮೆತ್ತಗಾಗಿ, ಬೆಂಗಳೂರಲ್ಲಿ ಕೆಲಸವೂ ಸಿಕ್ಕಿತು. ಸಂಭ್ರಮಕ್ಕೆ ಅಕ್ಕ ಓಣಿಗೆಲ್ಲ ಸಿಹಿ ಹಂಚಿದಳು, "ಎಂ.ಟಿ.ಐ. ನಾರ್ಮಲ್ ಬಂತು" ಎನ್ನುತ್ತ.

ಮೊನ್ನೆ ನಾನು ಅಲ್ಲೇ ಕೂತಿದ್ದೆ. ಹುಡುಗ ಆಫೀಸಿನ ಫೋನಿನಿಂದ ಮನೆಗೆ ಮಾಡಿದ್ದಾನೆ. ಹೊಸ ನಂಬರು, ಹೊಸ ದನಿ. "ಹಲ್ಲೋವ್, ಗುಡ್ ಮಾರ್ನಿಂಗ್, ಹೌ ಆರ್ ಯು?" ಎಂದು ಶುರು ಮಾಡಿದ್ದು ನನಗೂ ಕೇಳಿಸಿತು.

ಅಕ್ಕ ಪೂರ್ತಿ ಕೇಳಲಿಲ್ಲ. "ನಮಗ್ಯಾವ ಲೋನೂ ಬ್ಯಾಡಪಾ" ಎಂದವಳೇ ಫೋನ್ ಇಟ್ಟುಬಿಟ್ಟಳು.