ಕಾರಟಗಿ ಕಾಲುವೆಗೆ ಕೊಲೊರಾಡೊ ಲೀಡರ್ ಯಾಕೆ?

ಊರ ಕಡೆಯ ಒಂದಿಬ್ಬರು ಹುಡುಗರಿಗೆ ಈಚೆಗೆ ಫ್ಲೈ ಫಿಶಿಂಗ್ ಹುಚ್ಚು ಹಿಡಿದಿದೆ. ರಾಡು, ರೀಲು, ಬಣ್ಣದ ಲೈನು ಎಲ್ಲ ತರಿಸಿಕೊಂಡಾಗಿದೆ. ಫೋನಿನಲ್ಲಿ ನನ್ನನ್ನು ಕೇಳುವುದು ಒಂದೇ ಮಾತು: "ಅಣ್ಣಾ, ಊರಿಗೆ ಬರೋ ಮುಂದ ಒಂಬತ್ತು ಅಡಿ ಫೈವ್‌ಎಕ್ಸ್ ಲೀಡರ್ ನಾಕೈದು ಪಾಕೀಟು ತರ್ತೀರೇನು?" ತರಬಹುದು, ಜೇಬಿನಲ್ಲಿ ಹಿಡಿಸುವ ಸಾಮಾನು. ಆದರೆ ಕಾರಟಗಿಯ ಕಾಲುವೆಗೆ ಅದು ಹೊಂದುವುದಿಲ್ಲ. ನಾನಿರುವ ಅಮೆರಿಕದ ಕೊಲೊರಾಡೊದಲ್ಲಿ ಡೆನ್ವರ್‌ನ ಅಂಗಡಿಯವನು ತನ್ನ ನದಿ ನೋಡಿ ಪಾಕೀಟು ತೂಗುಹಾಕಿದ್ದಾನೆ, ನಾವು ನಮ್ಮ ನೀರು ನೋಡಿ ದಾರ ಕಟ್ಟಿಕೊಳ್ಳಬೇಕು. ಅದಕ್ಕೆ ಬೇಕಾದ ನೈಲಾನ್ ದಾರ ಬಲೆ, ಗಾಳ ಮಾರುವ ಯಾವ ಅಂಗಡಿಯಲ್ಲಾದರೂ ಸಿಗುತ್ತದೆ.

ಲೀಡರ್ ಯಾಕೆ ಬೇಕು ಅನ್ನುವುದನ್ನು ಮೊದಲು ಹೇಳಿಬಿಡುತ್ತೇನೆ. ನಮ್ಮ ಮಾಮೂಲಿ ಗಾಳದಲ್ಲಿ ಸೀಸದ ಗುಂಡು ಮುಂದೆ ಹಾರುತ್ತದೆ, ದಾರ ಅದರ ಬೆನ್ನು ಹತ್ತಿ ಹೋಗುತ್ತದೆ. ಫ್ಲೈ ಅಂದರೆ ಪುಕ್ಕ, ನೂಲು, ಕೂದಲು ಸುತ್ತಿದ ಗಾಳ. ಅದಕ್ಕೆ ತೂಕವೇ ಇಲ್ಲ. ಎಸೆಯಲು ಬೇಕಾದ ತೂಕವೆಲ್ಲ ದಪ್ಪ ಲೈನಿನಲ್ಲಿರುತ್ತದೆ. ಆ ಲೈನಿಗೂ ಗಾಳಕ್ಕೂ ನಡುವೆ ಬುಡದಲ್ಲಿ ದಪ್ಪಗಿದ್ದು ತುದಿಗೆ ಹೋಗ್ತಾ ಹೋಗ್ತಾ ಸಣ್ಣಗಾಗುವ ದಾರವೇ ಲೀಡರ್. ಅದರ ಕಟ್ಟಕಡೆಯ ಸಣ್ಣ ಎಳೆ ಟಿಪ್ಪೆಟ್. ಎತ್ತಿನ ಬಾರುಕೋಲನ್ನು ನೆನಪಿಸಿಕೊಂಡರೆ ಮುಗಿಯಿತು: ಬುಡದ ಬೀಸು ತುದಿಯವರೆಗೆ ಸರಿಯಾಗಿ ಹರಿದರೆ ಮಾತ್ರ ಚಟ್ ಅನ್ನುತ್ತದೆ. ದಪ್ಪ ದಾರಕ್ಕೆ ನೇರವಾಗಿ ಕೂದಲಿನಂಥ ದಾರ ಕಟ್ಟಿದರೆ ಬೀಸು ಆ ಗಂಟಿನಲ್ಲೇ ಸತ್ತುಹೋಗಿ, ಗಾಳ ಮುಂದಕ್ಕೆ ಹೋಗದೆ ಲೈನಿನ ಮೇಲೇ ಉಂಡೆಯಾಗಿ ಬೀಳುತ್ತದೆ.

ಎಕ್ಸ್ ಲೆಕ್ಕವೂ ಬ್ರಹ್ಮವಿದ್ಯೆಯಲ್ಲ. ಹನ್ನೊಂದರಿಂದ ಎಕ್ಸ್ ಸಂಖ್ಯೆ ಕಳೆಯಿರಿ. ಉಳಿದದ್ದು ಇಂಚಿನ ಸಾವಿರದ ಭಾಗದಲ್ಲಿ ದಾರದ ದಪ್ಪ. 5ಎಕ್ಸ್ ಅಂದರೆ ಸಾವಿರದಲ್ಲಿ ಆರು ಭಾಗ, ಸುಮಾರು 0.15 ಮಿ.ಮೀ. 0ಎಕ್ಸ್ ಅಂದರೆ ಸುಮಾರು 0.28 ಮಿ.ಮೀ. ನೈಲಾನ್ ಬರುವ ಮುಂಚೆ ಈ ಎಳೆಯನ್ನು ರೇಷ್ಮೆಹುಳುವಿನ ಹೊಟ್ಟೆಯೊಳಗಿನ ರೇಷ್ಮೆ ಗ್ರಂಥಿಯಿಂದ ಎಳೆದು ಮಾಡುತ್ತಿದ್ದರು. ಸ್ಪೇನ್‌ನ ಮುರ್ಸಿಯಾ ಅದಕ್ಕೆ ಹೆಸರಾದ ಸೀಮೆ. ಎಳೆಯನ್ನು ಲೋಹದ ತಟ್ಟೆಯ ತೂತಿನಲ್ಲಿ ಎಷ್ಟು ಸಲ ಜಗ್ಗಿ ಸಣ್ಣ ಮಾಡಿದರೋ ಅಷ್ಟು ಎಕ್ಸ್. ರೇಷ್ಮೆಯ ನಾಡಿನವರಾದ ನಾವು ಗೂಡು ಬಿಚ್ಚಿ ಸೀರೆ ನೇಯ್ದೆವು, ಅವರು ಹುಳುವನ್ನೇ ವಿನಿಗರ್‌ನಲ್ಲಿ ನೆನೆಹಾಕಿ ಗಾಳದ ದಾರ ಎಳೆದರು!

ಈಗ ಎರಡು ನೀರಿನ ಮಾತು. ನಾನು ರಜೆ ದಿನ ಹೋಗುವುದು ಸೌತ್ ಪ್ಲಾಟ್ ನದಿಗೆ, ಚೀಸ್‌ಮನ್ ಕಣಿವೆಯ ಕಡೆಗೆ. ಮೇಲೆ 1905ರ ಹೊತ್ತಿಗೆ ಕಟ್ಟಿ ಮುಗಿಸಿದ ಅಣೆಕಟ್ಟಿದೆ. ಅದರ ಬುಡದಿಂದ ಹೊರಬರುವ ನೀರು ತಣ್ಣಗೆ, ಗಾಜಿನ ಹಾಗೆ ತಿಳಿಯಾಗಿರುತ್ತದೆ. ಅಲ್ಲಿನ ಟ್ರೌಟ್ ಮೀನು ತಿನ್ನುವುದು ನುಸಿಯಂಥ ಹುಳು, ಗಾಳದ ನಂಬರ್ 20, 22 (ನಂಬರ್ ಹೆಚ್ಚಿದಷ್ಟೂ ಗಾಳ ಸಣ್ಣದು). ಗಾಳದ ನಂಬರನ್ನು ಮೂರರಿಂದ ಭಾಗಿಸಿದರೆ ಟಿಪ್ಪೆಟ್ಟಿನ ಎಕ್ಸ್ ಸಿಗುತ್ತದೆ ಎಂಬ ಸೂತ್ರದ ಪ್ರಕಾರ ಅಲ್ಲಿ 6ಎಕ್ಸ್, 7ಎಕ್ಸ್ ಬೇಕೇ ಬೇಕು. ಹಿಡಿದ ಮೀನನ್ನು ಅಲ್ಲೇ ಬಿಡಬೇಕೆಂಬ ಕಾನೂನಿನಿಂದಾಗಿ ಪ್ರತಿ ಮೀನೂ ಹಿಂದೆ ಯಾರದೋ ಗಾಳ ಕಚ್ಚಿ ಬುದ್ಧಿ ಕಲಿತದ್ದು. ಅಲ್ಲಿ ಒಂಬತ್ತಡಿಯೂ ಸಾಲದು, ಹನ್ನೆರಡಕ್ಕೆ ಹೋಗುವವರಿದ್ದಾರೆ.

ಕಾರಟಗಿಯಲ್ಲಿ ಹರಿಯುವುದೂ ಅಣೆಕಟ್ಟಿನ ನೀರೇ, ಮುನಿರಾಬಾದಿನಿಂದ ಹೊರಟ ತುಂಗಭದ್ರಾ ಎಡದಂಡೆ ಕಾಲುವೆಯದು. ಆದರೆ ಬಣ್ಣ ನೋಡಿ! 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಹೂಳು ತುಂಬಿ 105ರ ಆಸುಪಾಸಿಗೆ ಇಳಿದಿದೆ ಅಂದಮೇಲೆ ಕಾಲುವೆಗೆ ಏನು ಬರುತ್ತದೆಂದು ಬೇರೆ ಹೇಳಬೇಕಿಲ್ಲ. ಆಗಸ್ಟ್‌ನಲ್ಲಿ ಮೊಣಕಾಲುದ್ದ ನೀರಿಗಿಳಿದರೆ ನಮ್ಮ ಪಾದ ನಮಗೇ ಕಾಣುವುದಿಲ್ಲ. ಆ ನೀರಿನಲ್ಲಿರುವ ಜಿಲೇಬಿ (ತಿಲಾಪಿಯ) ಮೀನಿಗೆ 0.15ರ ದಾರವೂ ಒಂದೇ, 0.25ರ ದಾರವೂ ಒಂದೇ. ಕೊರಮೀನಂತೂ ಜೊಂಡಿನ ಮರೆಯಿಂದ ನುಗ್ಗಿ ಕಪ್ಪೆಯನ್ನು ನುಂಗುವ ಜಾತಿ, ಹಲ್ಲು ಬೇರೆ ಇದೆ. ಅದರ ಮುಂದೆ 5ಎಕ್ಸ್ ಇಳಿಬಿಟ್ಟರೆ ಗಾಳ ದಾನ ಮಾಡಿದ ಹಾಗೆ.

ಇನ್ನು ದಂಡೆ. ಸೌತ್ ಪ್ಲಾಟ್‌ನಲ್ಲಿ ಬೆನ್ನ ಹಿಂದೆ ಪೈನ್ ಮರ ಇದ್ದರೂ ನೀರಿನ ನಡುವೆ ನಿಂತು ಬೀಸಲು ಜಾಗ ಸಿಗುತ್ತದೆ. ನಮ್ಮ ಉಪಕಾಲುವೆಯ ಏರಿಯ ಮೇಲೆ ಬಳ್ಳಾರಿ ಜಾಲಿ. ಹಿಂದಕ್ಕೆ ಬೀಸಿದ ಗಾಳವನ್ನು ಅದು ಹಿಡಿದರೆ ಕೊಡುವ ಮಾತೇ ಇಲ್ಲ. ಅದರ ಮೇಲೆ ಆಷಾಢದ ಗಾಳಿ. ಭತ್ತದ ಗದ್ದೆ ಬಯಲಿನಲ್ಲಿ ತಡೆಯಿಲ್ಲದೆ ಬೀಸುವ ಆ ಗಾಳಿಗೆ ಒಂಬತ್ತಡಿಯ ಸಣ್ಣ ಲೀಡರ್ ತನ್ನಷ್ಟಕ್ಕೆ ತಾನೇ ಗಂಟು ಹಾಕಿಕೊಳ್ಳುತ್ತದೆ. ಹಾಗೆ ಬಿದ್ದ ಒಂದು ಗಂಟು ದಾರದ ಬಲವನ್ನು ಅರ್ಧಕ್ಕೆ ಇಳಿಸಬಲ್ಲದು. ಬಿಚ್ಚಲು ಕೂತು ಸಮಯ ಹಾಳು ಮಾಡಬೇಡಿ. ಕತ್ತರಿಸಿ, ಹೊಸ ತುಂಡು ಕಟ್ಟಿ.

ನಮ್ಮ ಓಣಿಯಲ್ಲಿ ಗಂಗಾಮತದ ಒಬ್ಬ ಕಾಕಾ ಇದ್ದಾರೆ. ಫ್ಲೈ ಫಿಶಿಂಗ್ ಹೆಸರನ್ನೇ ಕೇಳಿದವರಲ್ಲ. ತೂಬಿನ ಬಾಯಿಗೆ ಕೂತು ಅವರು ದಾರ ಕಟ್ಟುವುದನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ದಪ್ಪ ದಾರದ ತುದಿಯನ್ನು ಕಾಲಿನ ಹೆಬ್ಬೆರಳಿಗೆ ಒಂದು ಸುತ್ತು ಹಾಕಿ ಬಿಗಿಹಿಡಿಯುತ್ತಾರೆ. ಸಣ್ಣ ದಾರವನ್ನು ಅದರ ಮಗ್ಗುಲಿಗೆ ಒಂದು ಗೇಣು ಜೋಡಿಸಿ, ಎರಡೂ ಕೂಡಿಸಿ ಒಂದು ಕುಣಿಕೆ ಮಾಡಿ, ತುದಿಗಳನ್ನು ಅದರೊಳಗೆ ಎರಡು ಸಲ ತೂರಿಸುತ್ತಾರೆ. ಆಮೇಲೆ ಗಂಟನ್ನು ಬಾಯಿಗಿಟ್ಟು ಎಂಜಲು ಹಚ್ಚಿ, ನಾಲ್ಕೂ ಎಳೆಗಳನ್ನು ಒಟ್ಟಿಗೆ ನಿಧಾನ ಜಗ್ಗುತ್ತಾರೆ. ಉಳಿದ ಚೂರು ಹಲ್ಲಿಗೆ. ಡೆನ್ವರ್‌ನಲ್ಲಿ ದುಡ್ಡು ಕೊಟ್ಟು ತರಗತಿಯಲ್ಲಿ ಕಲಿಯುವ ಸರ್ಜನ್ ನಾಟ್ ಇದೇ, ಒಂದು ಕೂದಲೆಳೆಯ ವ್ಯತ್ಯಾಸವಿಲ್ಲ. ಎಂಜಲು ಯಾಕೆ ಅಂದರೆ, ಒಣ ನೈಲಾನನ್ನು ಬಿಗಿದಾಗ ಉಜ್ಜಿ ಬಿಸಿಯಾಗಿ ಗಂಟಿನ ಜಾಗದಲ್ಲೇ ಸೊರಗುತ್ತದೆ. ತುದಿಗೆ ಸಣ್ಣ ದಾರ ಯಾಕೆ ಕಾಕಾ ಎಂದು ಕೇಳಿದ್ದಕ್ಕೆ, "ಕಲ್ಲಿಗೆ ಸಿಕ್ರ ಗಾಳ ಅಷ್ಟ ಹೋಗ್ಬೇಕೋ ತಮ್ಮಾ, ದಾರ ಎಲ್ಲಾ ಹೋಗಬಾರ್ದು" ಅಂದರು. ಟಿಪ್ಪೆಟ್ಟಿನ ಅರ್ಧ ಶಾಸ್ತ್ರ ಆ ಮಾತಿನಲ್ಲಿದೆ. ಇನ್ನರ್ಧ, ಅಂದರೆ ಬೀಸನ್ನು ಮುಂದಕ್ಕೆ ಸಾಗಿಸಲು ದಪ್ಪದಿಂದ ಸಣ್ಣಕ್ಕೆ ಇಳಿಯುವ ಇಳಿಜಾರು, ಕಾಕಾನಿಗೆ ಬೇಕಾಗಿಲ್ಲ, ಅವರ ಗಾಳದಲ್ಲಿ ಸೀಸ ಇದೆ.

ಹಾಗಾಗಿ ನಮ್ಮ ಹುಡುಗರಿಗೆ ನಾನು ಹೇಳುವ ಲೀಡರ್ ಐದು ಮೊಳದ್ದು. ಅಂದರೆ ಏಳೂವರೆ ಅಡಿ. ಫ್ರಾನ್ಸಿನ ಫ್ಲೈ ಫಿಶಿಂಗ್ ಪರಿಣತ ಶಾರ್ಲ್ ರಿಟ್ಜ್ ಹೆಸರಿನಲ್ಲಿ ಓಡಾಡುವ ಹಳೆಯ ಲೆಕ್ಕದಲ್ಲಿ ನೂರಕ್ಕೆ ಅರವತ್ತು ಭಾಗ ದಪ್ಪ ಬುಡ, ಇಪ್ಪತ್ತು ಇಳಿಜಾರು, ಇಪ್ಪತ್ತು ಟಿಪ್ಪೆಟ್. ನಮ್ಮ ಅಳತೆಯಲ್ಲಿ ಅದು ಎಷ್ಟು ಸಲೀಸು ನೋಡಿ, ಮೂರು ಮೊಳ, ಒಂದು ಮೊಳ, ಒಂದು ಮೊಳ. ಟೇಪೂ ಬೇಡ. ಬುಡಕ್ಕೆ 0.50 ಮಿ.ಮೀ. ದಾರ, ಅದೂ ಸ್ವಲ್ಪ ಬಿರುಸಾದದ್ದು. ಬೆರಳಿಗೆ ಸುತ್ತಿ ಬಿಟ್ಟರೆ ಪುಟಿಯಬೇಕು, ಜೋತುಬೀಳುವ ದಾರ ಬುಡಕ್ಕೆ ಬೇಡ. ನಡುವಿನ ಮೊಳವನ್ನು ಎರಡು ಮಾಡಿ ಅರ್ಧಕ್ಕೆ 0.40, ಅರ್ಧಕ್ಕೆ 0.32. ತುದಿಗೆ ಜಿಲೇಬಿಗಾದರೆ 0.25. ನಂಬರ್ 8, 10ರ ಗಾಳಕ್ಕೆ ಮೂರರ ಸೂತ್ರ 3ಎಕ್ಸ್, ಅಂದರೆ 0.20 ಹೇಳುತ್ತದೆ. ಆದರೆ ಸೂತ್ರ ಮಾಡಿದವರು ಕಾಲುವೆಯ ಕಲ್ಲುಹಾಸನ್ನೂ ಜಾಲಿ ಮುಳ್ಳನ್ನೂ ನೋಡಿರಲಿಲ್ಲ. ಕೊರಮೀನಿಗೆ ಇಳಿಜಾರಿನ ಗೋಜೇ ಬೇಡ ಅನ್ನುವಷ್ಟು ಸರಳ: 0.50, 0.45, ತುದಿಗೆ 0.40. ಪ್ರತಿ ಗಂಟಿಗೂ ಗೇಣು ಅರ್ಧಗೇಣು ದಾರ ಹೋಗುತ್ತದೆ, ಮೊಳ ಹಾಕುವಾಗ ಧಾರಾಳವಾಗಿರಿ. ಲೈನಿನ ತುದಿಗೊಂದು ಕುಣಿಕೆ, ಲೀಡರ್ ಬುಡಕ್ಕೊಂದು ಕುಣಿಕೆ ಮಾಡಿ ಒಂದರೊಳಗೊಂದು ಸೇರಿಸಿದರೆ ದಂಡೆಯ ಮೇಲೇ ಬದಲಾಯಿಸಬಹುದು.

ಅಂಗಡಿಯ ಪಾಕೀಟಿನ ಲೀಡರ್ ಗಂಟಿಲ್ಲದ್ದು, ನುಣುಪಾದದ್ದು, ಒಪ್ಪುತ್ತೇನೆ. ಜೊಂಡು, ಪಾಚಿ ಇರುವ ಕಡೆ ಗಂಟುಗಳಿಗೆ ಕಸ ಸಿಕ್ಕಿಕೊಳ್ಳುತ್ತದೆ ಎಂಬುದೂ ನಿಜ. ಆದರೆ ಒಂದಕ್ಕೆ ಐದಾರು ಡಾಲರ್ ಕೊಟ್ಟು ಜಾಲಿಗಿಡಕ್ಕೆ ಅರ್ಪಿಸುವುದಕ್ಕಿಂತ ಜೊಂಡಿನ ಕಸ ತೆಗೆಯುವುದು ವಾಸಿ.

ಫ್ಲೋರೋಕಾರ್ಬನ್ ವಿಷಯದಲ್ಲಿ ನನ್ನ ನಿಲುವು ಇನ್ನೂ ಖಡಕ್. 1971ರಲ್ಲಿ ಜಪಾನಿನ ಕುರೇಹಾ ಕಂಪನಿ ಹೊರತಂದ ಈ ದಾರದ ಹೆಗ್ಗಳಿಕೆ ನೀರಿನಲ್ಲಿ ಕಾಣುವುದಿಲ್ಲ ಎಂಬುದು. ಬೆಳಕು ಬಾಗುವ ಲೆಕ್ಕದಲ್ಲಿ ನೀರು 1.33, ಫ್ಲೋರೋಕಾರ್ಬನ್ 1.42, ನೈಲಾನ್ 1.53ರ ಸುಮಾರು. ಫ್ಲೋರೋಕಾರ್ಬನ್ ನೀರಿಗೆ ಹತ್ತಿರವಿರುವುದರಿಂದ ಕಣ್ಣಿಗೆ ಬೀಳುವುದು ಕಡಿಮೆ. ಸೌತ್ ಪ್ಲಾಟ್‌ನಲ್ಲಿ ನಾನೂ ಬಳಸುತ್ತೇನೆ. ಕೆಂಪು ನೀರಿನಲ್ಲಿ ಕಾಣದ ದಾರಕ್ಕೆ ಯಾಕೆ ದುಡ್ಡು ಸುರಿಯಬೇಕು? ಮೇಲಾಗಿ ಅದು ನೈಲಾನಿಗಿಂತ ಭಾರ, ಬೇಗ ಮುಳುಗುತ್ತದೆ. ಸಂಜೆ ಜಿಲೇಬಿ ಮೇಲೆ ಬಂದು ಹುಳು ಹೆಕ್ಕುವಾಗ ತೇಲುವ ಗಾಳವನ್ನು ಅದು ಕೆಳಗೆ ಜಗ್ಗುತ್ತದೆ. ಅದರ ಪರ ಹೇಳಬೇಕಾದ ಒಂದು ಮಾತಿದೆ. ಬಿಸಿಲು ಅದಕ್ಕೆ ಅಷ್ಟಾಗಿ ತಾಗುವುದಿಲ್ಲ, ನೈಲಾನಿಗೆ ತಾಗುತ್ತದೆ. ನಮ್ಮ ಕಡೆ ಅಂಗಡಿ ಮುಂದೆ ತಿಂಗಳುಗಟ್ಟಲೆ ಬಿಸಿಲಿಗೆ ನೇತುಬಿದ್ದ ದಾರದ ಉಂಡೆಯನ್ನು ಅಗ್ಗಕ್ಕೆ ಸಿಕ್ಕರೂ ಕೊಳ್ಳಬೇಡಿ. ಒಳಗಿನ ಡಬ್ಬಿಯದು ಕೇಳಿ, ಅಲ್ಲೇ ಒಂದು ಗಂಟು ಹಾಕಿ ಜಗ್ಗಿ ನೋಡಿ. ಅಂಗಡಿಯವರು ಮುಖ ಸಿಂಡರಿಸಿದರೆ ಸಿಂಡರಿಸಲಿ.

ಕೊಲೊರಾಡೊದವರಿಂದ ಕಲಿಯಬೇಕಾದದ್ದು ಇಲ್ಲವೇ ಅಂದರೆ ಇದೆ. ಕತ್ತರಿಸಿದ ಚೂರನ್ನು ಯಾರೂ ದಂಡೆಗೆ ಬಿಸಾಡುವುದಿಲ್ಲ, ಜೇಬಿಗೆ ಹಾಕಿಕೊಳ್ಳುತ್ತಾರೆ. ಟಿಪ್ಪೆಟ್ ಬದಲಿಸುತ್ತಲೇ ಇರುವ ಈ ಆಟದಲ್ಲಿ ಚೂರು ಬಹಳ ಬೀಳುತ್ತದೆ, ನೀರುಕಾಗೆಯ ಕಾಲಿಗೆ ಸುತ್ತಿಕೊಳ್ಳಲು ಗೇಣುದ್ದ ಸಾಕು. ತುಂಗಭದ್ರೆಯಲ್ಲಿ ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿ.ಮೀ. ಹೊಳೆಯನ್ನು 2015ರಲ್ಲೇ ನೀರುನಾಯಿ ಸಂರಕ್ಷಣಾ ಪ್ರದೇಶ ಎಂದು ಘೋಷಿಸಲಾಗಿದೆ. ಆ ಹರವಿನಲ್ಲೇ ಬರುವ ಆನೆಗೊಂದಿಯ ಬಂಡೆಗಳ ನಡುವೆ ಫೋಟೊ ಚೆಂದ ಬರುತ್ತದೆಂದು ರಾಡು ಹೊತ್ತು ಹೋಗುವ ಮುಂಚೆ ಅರಣ್ಯ ಇಲಾಖೆಯವರನ್ನು ಕೇಳಿ.

ಸಣ್ಣ ದಾರದ ಮೋಹಕ್ಕೆ ಇನ್ನೊಂದು ಅಡ್ಡಿಯಿದೆ, ಅದನ್ನು ನಮ್ಮ ಕಡೆ ಯಾರೂ ಗಮನಿಸುವುದಿಲ್ಲ. ದಾರ ಸಣ್ಣಗಾದಷ್ಟೂ ಮೀನನ್ನು ಜಗ್ಗಲು ಭಯ, ಆಟ ಆಡಿಸುವುದು ಉದ್ದ. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ, ದಣಿದ ಮೀನನ್ನು ಬಿಟ್ಟರೂ ಬದುಕುವುದು ಕಷ್ಟ. ಕೊಲೊರಾಡೊದಲ್ಲಿ ನೀರು 20 ಡಿಗ್ರಿ ದಾಟಿತೆಂದರೆ ಟ್ರೌಟ್ ಹಿಡಿಯುವವರು ತಾವಾಗಿಯೇ ರಾಡು ಮಡಿಸುತ್ತಾರೆ. ನಮ್ಮ ಮೀನು ಬಿಸಿ ತಾಳುವ ಜಾತಿಯೇ, ಆದರೂ ಹಿಡಿದು ಬಿಡುತ್ತೇವೆ ಎಂದು ಹೇಳಿಕೊಳ್ಳುವವರು ದಪ್ಪ ಟಿಪ್ಪೆಟ್ ಕಟ್ಟಿ ಬೇಗ ದಂಡೆಗೆ ತರಬೇಕು. ಬೇಸಿಗೆಗೆ ಕಾಲುವೆ ಬಂದ್ ಆಗಿ ಗುಂಡಿಗಳಲ್ಲಿ ನಿಂತ ನೀರಿಗಂತೂ ಫ್ಲೈ ರಾಡು ಒಯ್ಯುವುದು ನನಗೆ ಸರಿ ಕಾಣುವುದಿಲ್ಲ. ಕಾಕಾ ಇದನ್ನು ಒಪ್ಪುವುದಿಲ್ಲ. "ನೀ ಹಿಡೀಲಿಲ್ಲಂದ್ರ ಕೊಕ್ಕರೆ ಹಿಡೀತೈತಿ, ಗುಂಡಿ ಬತ್ತಿದ್ರ ತಾನ ಸಾಯ್ತೈತಿ, ಯಾರಿಗ್ ಲಾಭ?" ಅನ್ನುತ್ತಾರೆ. ಸಾರಿಗೆ ಒಯ್ಯುವವರ ಮಟ್ಟಿಗೆ ಅದು ಸರಿಯಾದ ಮಾತೇ. ನಾನು ಹೇಳುತ್ತಿರುವುದು ಫೋಟೊ ತೆಗೆದು ಬಿಡುವವರಿಗೆ.